ವೈದ್ಯಕೀಯ ಸಂಶೋಧನಾ ಕೋರ್ಸಿನ ಪ್ರವೇಶ ಸಿಬ್ಬಂದಿಯೊಡನೆ ಅನೌಪಚಾರಿಕ ಭೇಟಿ: ಸಿದ್ಧತೆ ಹೇಗೆ?

ಅರ್ಜಿ ಸಲ್ಲಿಸುವ ಮೊದಲು ಪ್ರವೇಶ ವಿಭಾಗದವರೊಡನೆ ಇಪ್ಪತ್ತು ನಿಮಿಷವೋ ಅರ್ಧ ಗಂಟೆಯೋ ಮಾತನಾಡುವ ಅವಕಾಶವನ್ನು ಅನೇಕ ವೈದ್ಯಕೀಯ ಸಂಶೋಧನಾ ಕೋರ್ಸುಗಳು ಆಸಕ್ತರಿಗೆ ನೀಡುತ್ತವೆ. ಈ ಭೇಟಿಗೆ ಅಂಕಗಳಿಲ್ಲ, ಎದುರಿಗೆ ಆಯ್ಕೆ ಸಮಿತಿಯೂ ಇರುವುದಿಲ್ಲ. ಆ ಕಾರಣಕ್ಕೇ ಹಲವರು ಯಾವ ತಯಾರಿಯೂ ಇಲ್ಲದೆ ಹೋಗಿ, ಕೋರ್ಸಿನ ಜಾಲತಾಣದಲ್ಲಿ ಆಗಲೇ ಬರೆದಿರುವ ವಿಷಯಗಳನ್ನೇ ಕೇಳಿ ಹಿಂದಿರುಗುತ್ತಾರೆ. ಏಳೆಂಟು ವರ್ಷಗಳನ್ನು ಒಂದು ಕೋರ್ಸಿಗೆ ಕೊಡಬೇಕೇ ಬೇಡವೇ ಎಂದು ನಿರ್ಧರಿಸಬೇಕಾದವರು ಆ ಅರ್ಧ ಗಂಟೆಯನ್ನು ಹೀಗೆ ಕಳೆದುಕೊಳ್ಳುವುದನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ. ಯಾವ ಉತ್ತರ ಬಂದರೆ ನಿಮ್ಮ ತೀರ್ಮಾನ ಬದಲಾಗುತ್ತದೆಯೋ ಆ ಪ್ರಶ್ನೆಯನ್ನು ಕೇಳುವುದಕ್ಕಾಗಿಯೇ ಈ ಭೇಟಿ ಇದೆ ಎಂದು ತಿಳಿದುಕೊಂಡರೆ, ಸಿದ್ಧತೆಯ ದಾರಿ ತಾನಾಗಿ ಸ್ಪಷ್ಟವಾಗುತ್ತದೆ.

ಮೊದಲು ಕೋರ್ಸಿನ ಸ್ವರೂಪವನ್ನು ಪೂರ್ತಿಯಾಗಿ ಓದಿಕೊಳ್ಳಿ. ವೈದ್ಯಕೀಯ ಸಂಶೋಧನಾ ಕೋರ್ಸು ಎಂಬ ಒಂದೇ ಹೆಸರಿನಡಿ ಬಹಳ ಬೇರೆ ಬೇರೆ ವ್ಯವಸ್ಥೆಗಳಿವೆ. ವೈದ್ಯ ಪದವಿ ಮತ್ತು ಸಂಶೋಧನಾ ಪದವಿ ಎರಡನ್ನೂ ಕೊಡುವ ಅಮೆರಿಕದ ಎಂಡಿ-ಪಿಎಚ್‌ಡಿ ಜೋಡಿ ಪದವಿಯಲ್ಲಿ ವಿದ್ಯಾರ್ಥಿಯು ಸಾಮಾನ್ಯವಾಗಿ ವೈದ್ಯಕೀಯದ ಮೊದಲ ಹಂತವನ್ನು ಮುಗಿಸಿ, ಪ್ರಯೋಗಾಲಯಕ್ಕೆ ಹೋಗಿ ಪಿಎಚ್‌ಡಿ ಪಡೆದು, ಅನಂತರ ಮತ್ತೆ ಆಸ್ಪತ್ರೆಯ ತರಬೇತಿಗೆ ಮರಳುತ್ತಾನೆ. ಒಟ್ಟು ಅವಧಿ ಎಂಟು ವರ್ಷದ ಆಸುಪಾಸಿನಲ್ಲಿರುತ್ತದೆ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಇಂಥ ತರಬೇತಿಗೆ 1964ರಿಂದ ಅನುದಾನ ನೀಡುತ್ತ ಬಂದಿವೆ. ಬೇರೆಡೆ, ವೈದ್ಯಕೀಯ ಪದವಿ ಮುಗಿಸಿದವರಿಗಾಗಿಯೇ ಇರುವ ಪಿಎಚ್‌ಡಿಗಳೂ, ಒಂದೆರಡು ವರ್ಷಗಳ ಸಂಶೋಧನಾ ಸ್ನಾತಕೋತ್ತರ ಪದವಿಗಳೂ ಇವೆ. ನೀವು ಭೇಟಿಯಾಗುವವರ ಕೋರ್ಸು ಇವುಗಳಲ್ಲಿ ಯಾವುದು, ಅರ್ಹತೆ ಏನು, ಶುಲ್ಕ ಮತ್ತು ವಿದ್ಯಾರ್ಥಿವೇತನದ ನಿಯಮವೇನು, ಕೊನೆಯ ದಿನಾಂಕ ಯಾವುದು ಎಂಬಷ್ಟನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಓದಿದ ಮೇಲೂ ಅರ್ಥವಾಗದೆ ಉಳಿದ ಅಂಶಗಳನ್ನು ಅದೇ ಹಾಳೆಯಲ್ಲಿ ಗುರುತು ಮಾಡಿಡಿ. ನಿಮ್ಮ ಪ್ರಶ್ನೆಗಳ ಮೊದಲ ಪಟ್ಟಿ ಅಲ್ಲಿಂದಲೇ ಹುಟ್ಟುತ್ತದೆ.

ಅನಂತರ ಅಲ್ಲಿ ನಡೆಯುತ್ತಿರುವ ಸಂಶೋಧನೆಯ ಕಡೆಗೆ ಗಮನ ಹರಿಸಿ. ವೈದ್ಯಕೀಯ ಪ್ರಬಂಧಗಳನ್ನು ಹುಡುಕುವ ಜಾಲತಾಣವಾದ ಪಬ್‌ಮೆಡ್‌ನಲ್ಲಿ ಲೇಖಕರ ಹೆಸರು ಮತ್ತು ಸಂಸ್ಥೆಯ ಹೆಸರನ್ನು ಜೊತೆಯಾಗಿ ಕೊಟ್ಟು ಹುಡುಕಿದರೆ ಒಬ್ಬ ಮಾರ್ಗದರ್ಶಕರ ಇತ್ತೀಚಿನ ಪ್ರಬಂಧಗಳ ಸಾರಾಂಶ ಉಚಿತವಾಗಿ ಸಿಗುತ್ತದೆ. ಲೇಖಕರ ಪಟ್ಟಿಯನ್ನೂ ನೋಡಿ: ಜೀವವೈದ್ಯಕೀಯ ಪ್ರಬಂಧಗಳಲ್ಲಿ ಸಾಮಾನ್ಯವಾಗಿ ಕೆಲಸದ ದೊಡ್ಡ ಪಾಲನ್ನು ಮಾಡಿದವರ ಹೆಸರು ಮೊದಲಿಗೂ, ಪ್ರಯೋಗಾಲಯದ ಮುಖ್ಯಸ್ಥರ ಹೆಸರು ಕೊನೆಗೂ ಇರುತ್ತದೆ. ಆ ಮೊದಲ ಸ್ಥಾನದಲ್ಲಿ ವಿದ್ಯಾರ್ಥಿಗಳ ಹೆಸರು ಮತ್ತೆ ಮತ್ತೆ ಕಾಣಿಸುತ್ತದೆಯೇ ಎಂಬುದರಿಂದ, ಯಾವ ಪರಿಚಯ ಪುಸ್ತಿಕೆಯೂ ಹೇಳದ ಸಂಗತಿಯೊಂದು ನಿಮಗೆ ತಿಳಿಯುತ್ತದೆ. ಇಬ್ಬರು ಅಥವಾ ಮೂವರು ಮಾರ್ಗದರ್ಶಕರು ಸಾಕು. ಅವರ ಒಂದೊಂದು ಪ್ರಬಂಧವನ್ನಾದರೂ ಪೂರ್ತಿ ಓದಿ. ಹತ್ತು ಸಾರಾಂಶಗಳನ್ನು ಬಾಯಿಪಾಠ ಮಾಡುವುದಕ್ಕಿಂತ, ಒಂದು ಪ್ರಬಂಧದ ವಿಧಾನ ಭಾಗವನ್ನು ನಿಧಾನವಾಗಿ ಓದಿ ಅರ್ಥಮಾಡಿಕೊಂಡದ್ದು ಮಾತಿನಲ್ಲಿ ಹೆಚ್ಚು ನೆರವಿಗೆ ಬರುತ್ತದೆ.

ಇನ್ನು ನಿಮ್ಮ ಸ್ವಂತ ಕೆಲಸದ ಕುರಿತು ಮಾತನಾಡುವ ಸಿದ್ಧತೆ. ಹೆಚ್ಚು ಸಮಯ ಬೇಡುವುದು ಇದೇ, ಏಕೆಂದರೆ "ಈವರೆಗೆ ಏನು ಸಂಶೋಧನೆ ಮಾಡಿದ್ದೀರಿ?" ಎಂಬ ಪ್ರಶ್ನೆ ಹೆಚ್ಚುಕಡಿಮೆ ಖಚಿತವಾಗಿ ಬರುತ್ತದೆ ಮತ್ತು ಅದಕ್ಕೆ ಹೆಚ್ಚಿನವರು ವಿಷಯದ ಹೆಸರನ್ನಷ್ಟೇ ಹೇಳಿ ಸುಮ್ಮನಾಗುತ್ತಾರೆ. ಉದಾಹರಣೆಗೆ, ಒಬ್ಬ ವಿದ್ಯಾರ್ಥಿನಿ ಮಧುಮೇಹಿಗಳ ಅಕ್ಷಿಪಟಲದ ಚಿತ್ರಗಳನ್ನು ವರ್ಗೀಕರಿಸುವ ಅಧ್ಯಯನದಲ್ಲಿ ಕೆಲಸ ಮಾಡಿದ್ದಾಳೆ ಎಂದಿಟ್ಟುಕೊಳ್ಳೋಣ. "ನಾನು ಮಧುಮೇಹದ ಅಕ್ಷಿಪಟಲ ರೋಗದ ಮೇಲೆ ಕೆಲಸ ಮಾಡಿದೆ" ಎಂದರೆ ಕೇಳಿದವರಿಗೆ ಏನೂ ತಿಳಿಯುವುದಿಲ್ಲ. ಆದರೆ ಅವಳು ಹೀಗೆ ಹೇಳಬಹುದು: "ಕಣ್ಣಿನ ತಜ್ಞರಿಲ್ಲದ ಕಡೆ ತೆಗೆದ ಚಿತ್ರಗಳನ್ನು ತರಬೇತಿ ಪಡೆದ ಸಹಾಯಕರು ನಂಬಿಕೆಗೆ ಅರ್ಹವಾಗಿ ವಿಂಗಡಿಸಬಲ್ಲರೇ ಎಂಬುದು ನಮ್ಮ ಪ್ರಶ್ನೆ. ಇಬ್ಬರು ಬೇರೆ ಬೇರೆಯಾಗಿ ಚಿತ್ರಗಳನ್ನು ನೋಡಿ ಗುರುತಿಸಿದರು. ಅವರ ನಡುವಿನ ಹೊಂದಾಣಿಕೆಯನ್ನು ಕಪ್ಪಾ ಎಂಬ ಸಂಖ್ಯಾಶಾಸ್ತ್ರದ ಮಾಪನದಿಂದ ಅಳೆದೆವು. ಮಸುಕಾದ ಚಿತ್ರಗಳನ್ನು ಬೇರ್ಪಡಿಸುವ ನಿಯಮವನ್ನು ಬರೆದದ್ದು ಮತ್ತು ದತ್ತಾಂಶದ ಕೋಷ್ಟಕವನ್ನು ನಿರ್ವಹಿಸಿದ್ದು ನನ್ನ ಕೆಲಸ. ಸಂಖ್ಯಾಶಾಸ್ತ್ರದ ವಿಶ್ಲೇಷಣೆಯನ್ನು ನನ್ನ ಹಿರಿಯ ಸಹೋದ್ಯೋಗಿ ಮಾಡಿದರು. ಮಸುಕಾದ ಚಿತ್ರಗಳನ್ನು ಕೈಬಿಟ್ಟದ್ದರಿಂದ ನಮ್ಮ ಫಲಿತಾಂಶ ವಾಸ್ತವಕ್ಕಿಂತ ಚೆನ್ನಾಗಿ ಕಂಡಿರಬಹುದು." ಪ್ರಶ್ನೆ, ವಿಧಾನ, ತನ್ನ ಪಾಲು, ಇತರರ ಪಾಲು, ಮಿತಿ ಎಲ್ಲವೂ ಎರಡು ನಿಮಿಷದೊಳಗೆ ಬಂದವು. ನನ್ನ ದೃಷ್ಟಿಯಲ್ಲಿ ಆ ಕೊನೆಯ ವಾಕ್ಯಕ್ಕೇ ಎಲ್ಲಕ್ಕಿಂತ ಹೆಚ್ಚಿನ ಬೆಲೆ. ತನ್ನ ಅಧ್ಯಯನದ ದೌರ್ಬಲ್ಯ ಎಲ್ಲಿದೆಯೆಂದು ಗೊತ್ತಿರುವವಳು ಸಂಶೋಧನೆಯನ್ನು ಒಳಗಿನಿಂದ ಕಂಡಿದ್ದಾಳೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ. ನಿಮ್ಮ ಎರಡು ನಿಮಿಷವನ್ನು ಬರೆದು, ವಿಜ್ಞಾನ ಓದಿರದ ಒಬ್ಬರ ಮುಂದೆ ಜೋರಾಗಿ ಹೇಳಿ ನೋಡಿ. ಅವರು ಎಲ್ಲಿ ತಡೆದು ಕೇಳುತ್ತಾರೋ ಅಲ್ಲಿ ತಿದ್ದಬೇಕು.

ಇಲ್ಲೊಂದು ಎಚ್ಚರಿಕೆ ಅಗತ್ಯ. ರೋಗಿಯ ಗುರುತು ಸಿಗಬಹುದಾದ ಯಾವ ವಿವರವೂ ಮಾತಿನಲ್ಲಿ ಬರಬಾರದು. ವಯಸ್ಸು, ಊರು ಮತ್ತು ಅಪರೂಪದ ಕಾಯಿಲೆಯ ಹೆಸರು ಒಟ್ಟಿಗೆ ಬಂದರೆ ಹೆಸರು ಹೇಳದಿದ್ದರೂ ಗುರುತು ಸಿಕ್ಕಿಬಿಡುತ್ತದೆ. ಪ್ರಕಟವಾಗದ ಫಲಿತಾಂಶವನ್ನು ಹಂಚಿಕೊಳ್ಳುವ ಮೊದಲು ನಿಮ್ಮ ಮಾರ್ಗದರ್ಶಕರ ಒಪ್ಪಿಗೆ ಕೇಳಿ. ಮನುಷ್ಯರ ಮೇಲಿನ ಅಧ್ಯಯನವಾಗಿದ್ದರೆ ನೈತಿಕ ಸಮಿತಿಯ ಅನುಮೋದನೆ ಮತ್ತು ರೋಗಿಗಳ ಸಮ್ಮತಿಯನ್ನು ಹೇಗೆ ಪಡೆಯಲಾಯಿತು ಎಂಬುದು ನಿಮಗೆ ಗೊತ್ತಿರಬೇಕು. ಮನುಷ್ಯರ ಮೇಲಿನ ಸಂಶೋಧನೆಯ ನೀತಿನಿಯಮಗಳನ್ನು ಹೇಳುವ 1964ರ ಹೆಲ್ಸಿಂಕಿ ಘೋಷಣೆ ಮತ್ತು ಅದರ ಪರಿಷ್ಕರಣೆಗಳ ಕಾಲದಿಂದ ವೈದ್ಯಕೀಯ ಸಂಶೋಧನೆಯ ತಳಹದಿಯಾಗಿರುವ ಈ ವಿಷಯದಲ್ಲಿ ತಡವರಿಸುವುದು ಒಳ್ಳೆಯದಲ್ಲ.

ಪ್ರಶ್ನೆಗಳನ್ನು ಆರಿಸುವಾಗ ಎದುರಿಗಿರುವವರು ಯಾರು ಎಂಬುದನ್ನು ಮರೆಯಬೇಡಿ. ಪ್ರವೇಶ ವಿಭಾಗದ ಸಿಬ್ಬಂದಿಗೆ ಪ್ರಕ್ರಿಯೆ, ವಿದ್ಯಾರ್ಥಿಗಳ ಅನುಭವ ಮತ್ತು ಹಣಕಾಸಿನ ವ್ಯವಸ್ಥೆ ಚೆನ್ನಾಗಿ ಗೊತ್ತಿರುತ್ತದೆ; ಒಂದು ಪ್ರೋಟೀನಿನ ಬಗ್ಗೆ ಕೇಳುವುದು ಅವರಿಗೂ ನಿಮಗೂ ಪ್ರಯೋಜನವಿಲ್ಲ. ಪದವಿ ಮುಗಿಸಲು ವಿದ್ಯಾರ್ಥಿಗಳಿಗೆ ನಿಜವಾಗಿ ಎಷ್ಟು ಕಾಲ ಹಿಡಿಯುತ್ತದೆ, ಮಹಾಪ್ರಬಂಧ ತಡವಾದರೆ ವಿದ್ಯಾರ್ಥಿವೇತನ ಮುಂದುವರಿಯುತ್ತದೆಯೇ, ಮಾರ್ಗದರ್ಶಕರು ಬೇರೆ ಸಂಸ್ಥೆಗೆ ಹೋದರೆ ವಿದ್ಯಾರ್ಥಿಯ ಗತಿಯೇನು, ಮಾರ್ಗದರ್ಶಕರನ್ನು ಬದಲಾಯಿಸಬೇಕಾದರೆ ಯಾರ ಬಳಿ ಹೋಗಬೇಕು, ಪಿಎಚ್‌ಡಿ ವರ್ಷಗಳಲ್ಲಿ ಆಸ್ಪತ್ರೆಯ ಸಂಪರ್ಕ ಉಳಿಯುವುದು ಹೇಗೆ, ಹೆರಿಗೆ ಅಥವಾ ಅನಾರೋಗ್ಯದ ರಜೆಗೆ ಏನು ನಿಯಮವಿದೆ: ಇವು ಪರಿಚಯ ಪುಸ್ತಿಕೆಯಲ್ಲಿ ವಿರಳವಾಗಿ ಸಿಗುವ ಉತ್ತರಗಳು. ಕೋರ್ಸು ಬಿಟ್ಟು ಹೋದವರ ಬಗ್ಗೆಯೂ ವಿನಯದಿಂದ ಕೇಳಬಹುದು. "ನನಗೆ ಸೀಟು ಸಿಗುತ್ತದೆಯೇ?" ಎಂದು ಕೇಳಬೇಡಿ; ಅವರು ಹೇಳಲಾರರು. ಅದರ ಬದಲು, ನಿಮ್ಮಂಥ ಹಿನ್ನೆಲೆಯವರ ಅರ್ಜಿಗಳಲ್ಲಿ ಸಾಮಾನ್ಯವಾಗಿ ಯಾವ ಭಾಗ ದುರ್ಬಲವಾಗಿರುತ್ತದೆ ಎಂದು ಕೇಳಿದರೆ ಉಪಯುಕ್ತ ಉತ್ತರ ಸಿಗುತ್ತದೆ. ಐದು ಪ್ರಶ್ನೆಗಳನ್ನು ಮಹತ್ವದ ಕ್ರಮದಲ್ಲಿ ಬರೆದುಕೊಂಡು, ಮೊದಲ ಎರಡನ್ನು ಸಮಯ ಮುಗಿಯುವ ಮೊದಲು ಕೇಳಿಯೇ ತೀರಿ.

ಕಡಿಮೆ ಅಂಕ, ಕಳೆದುಹೋದ ಒಂದು ವರ್ಷ, ಅರ್ಧಕ್ಕೆ ನಿಂತ ಯೋಜನೆ ಇದ್ದರೆ ಮೂರು ವಾಕ್ಯಗಳಲ್ಲಿ ಸರಳವಾಗಿ ಹೇಳಿ: ಏನಾಯಿತು, ಆಮೇಲೆ ಏನು ಮಾಡಿದಿರಿ, ಈಗ ಸ್ಥಿತಿ ಹೇಗಿದೆ. ದೀರ್ಘ ಸಮರ್ಥನೆಗೆ ಇಳಿದರೆ ಸಣ್ಣ ಕೊರತೆಯೂ ದೊಡ್ಡದಾಗಿ ಕಾಣುತ್ತದೆ. ಭೇಟಿ ಅನೌಪಚಾರಿಕವಾದರೂ ನಿಮ್ಮ ಬಗ್ಗೆ ಮೂಡಿದ ಅಭಿಪ್ರಾಯ ಮುಂದೆ ಅರ್ಜಿಯೊಡನೆ ನೆನಪಿಗೆ ಬರಬಹುದು. ಬೇರೆ ಸಂಸ್ಥೆಯನ್ನೋ ಹಳೆಯ ಮಾರ್ಗದರ್ಶಕರನ್ನೋ ಹಳಿಯುವ ಮಾತು ಬೇಡವೇ ಬೇಡ.

ವಿಡಿಯೊ ಕರೆಯಾಗಿದ್ದರೆ ಧ್ವನಿಯನ್ನು ಹಿಂದಿನ ದಿನವೇ ಪರೀಕ್ಷಿಸಿ. ಕೆಲವು ದೇಶಗಳಲ್ಲಿ ವರ್ಷಕ್ಕೆ ಎರಡು ಬಾರಿ ಗಡಿಯಾರವನ್ನು ಒಂದು ಗಂಟೆ ಹಿಂದೆ ಮುಂದೆ ಮಾಡುವುದರಿಂದ, ಇಬ್ಬರ ಸ್ಥಳೀಯ ಸಮಯವನ್ನೂ ಬರೆದು ಮಿಂಚಂಚೆಯಲ್ಲಿ ಖಚಿತಪಡಿಸಿಕೊಳ್ಳುವುದು ಕ್ಷೇಮ.

ಭೇಟಿ ಮುಗಿದ ಕೂಡಲೇ, ಬೇರೆ ಕೆಲಸಕ್ಕೆ ಕೈಹಾಕುವ ಮೊದಲು, ಕೇಳಿದ ಉತ್ತರಗಳನ್ನು ಬರೆದಿಡಿ. ನಾಲ್ಕೈದು ಕೋರ್ಸುಗಳವರೊಡನೆ ಮಾತನಾಡಿದ ಮೇಲೆ ಯಾರು ಏನು ಹೇಳಿದರೆಂಬುದು ಕಲಸಿಹೋಗುತ್ತದೆ. ಮರುದಿನದೊಳಗೆ ನಾಲ್ಕು ಸಾಲಿನ ಧನ್ಯವಾದದ ಪತ್ರ ಕಳುಹಿಸಿ, ಅದರಲ್ಲಿ ಅವರು ಹೇಳಿದ ಒಂದು ನಿರ್ದಿಷ್ಟ ಸಂಗತಿಯನ್ನು ಉಲ್ಲೇಖಿಸಿ. ಈಗಿನ ವಿದ್ಯಾರ್ಥಿಯೊಬ್ಬರ ಸಂಪರ್ಕ ಕೊಡಿಸುತ್ತೇವೆಂದು ಅವರು ಹೇಳಿದ್ದರೆ ಅದೇ ಪತ್ರದಲ್ಲಿ ನೆನಪಿಸಿ. ಆ ವಿದ್ಯಾರ್ಥಿ ಸಿಕ್ಕಾಗ, ಸಿಬ್ಬಂದಿಯನ್ನು ಕೇಳಿದ ಅದೇ ಮೊದಲ ಎರಡು ಪ್ರಶ್ನೆಗಳನ್ನು ಕೇಳಿ, ಎರಡೂ ಉತ್ತರಗಳನ್ನು ಒಂದರ ಪಕ್ಕ ಒಂದು ಬರೆದು ಹೋಲಿಸಿ ನೋಡಿ.