ತುಲಂಬೆನ್ ಹಡಗು ನೋಡುವುದಾದರೆ ಬೆಳಿಗ್ಗೆ ಬೇಗ ಇಳಿಯಿರಿ

ಬಾಲಿಯಲ್ಲಿ ಸ್ಕೂಬಾ ಮಾಡುವವರು ತುಲಂಬೆನ್‌ನ ಲಿಬರ್ಟಿ ಹಡಗನ್ನು ತಪ್ಪಿಸಬೇಡಿ. 1942ರಲ್ಲಿ ಜಪಾನಿನ ಸಬ್‌ಮರೀನ್ ಹೊಡೆದ ಅಮೆರಿಕದ ಸರಕು ಹಡಗು ಇದು, ಇಪ್ಪತ್ತು ವರ್ಷ ದಡದಲ್ಲೇ ಬಿದ್ದಿತ್ತು, 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ನೀರಿಗೆ ಜಾರಿತು. ದೋಣಿ ಬೇಡ, ದಡದಿಂದಲೇ ಇಳಿಯಬಹುದು. ಆದರೆ ದಡದ ತುಂಬ ದುಂಡು ಕಲ್ಲು, ಸಿಲಿಂಡರ್ ಹೊತ್ತು ಬರಿಗಾಲಲ್ಲಿ ನಡೆದರೆ ಮುಗೀತು ಕಥೆ! ದಪ್ಪ ಅಡಿಯ ಬೂಟು ಬೇಕೇ ಬೇಕು.

ಹಿಂದಿನ ರಾತ್ರಿ ಅಲ್ಲೇ ಉಳಿದು ಬೆಳಕು ಹರಿಯುವಾಗಲೇ ಇಳಿಯಿರಿ, ದಕ್ಷಿಣ ಬಾಲಿಯ ವ್ಯಾನುಗಳು ಬಂದ ಮೇಲೆ ಮೀನಿಗಿಂತ ಜನರೇ ಜಾಸ್ತಿ. ಹಡಗಿನ ಮೇಲಿನ ಭಾಗ ಸುಮಾರು 5 ಮೀಟರ್ ಆಳದಲ್ಲೇ ಸಿಗುತ್ತದೆ, ಹೊಸಬರು 18 ಮೀಟರ್ ದಾಟದೆಯೂ ಬೇಕಾದಷ್ಟು ನೋಡಬಹುದು. ತರಬೇತಿ ಇಲ್ಲದೆ ಒಳಗೆ ಮಾತ್ರ ನುಗ್ಗಬೇಡಿ.

ಡೈವ್ ಆದ ದಿನವೇ ಕಿಂತಾಮಣಿ ಬೆಟ್ಟ ಹತ್ತಬೇಡಿ, ಎತ್ತರ ಜಾಸ್ತಿ, ಅಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ ಡೈವ್‌ನಲ್ಲಿ ಮೈಗೆ ಸೇರಿದ ನೈಟ್ರೋಜನ್ ಗುಳ್ಳೆಗಟ್ಟಬಹುದು. ವಿಮಾನಕ್ಕೂ ಕನಿಷ್ಠ 18 ಗಂಟೆ ಬಿಡಿ.