ಸೀಳು ಹಾಕಿದ ಕಲ್ಲನ್ನು ಸುಟ್ಟು ನೋಡಿದೆ

ಎಂ.ಟೆಕ್. ಪ್ರಾಜೆಕ್ಟಿಗೆ ನಾನು ತಿಂಗಳುಗಟ್ಟಲೆ ಮಾಡಿದ್ದು ಇಷ್ಟೇ: ಕಲ್ಲಿಗೆ ಬೇಕಂತಲೇ ಒಂದು ಸೀಳು ಹಾಕುವುದು, ಸುಡುವುದು, ಆರಿದ ಮೇಲೆ ಮಷಿನ್‌ಗೆ ಕೊಟ್ಟು ಒಡೆಯುವುದು. "ಕಲ್ಲು ಸುಡೋಕೆ ಇಷ್ಟು ಓದ್ಬೇಕಿತ್ತಾ?" ಅಂತ ಅಮ್ಮ ಕೇಳಿದ್ದರು.

ಸೀಳು ಯಾಕೆ ಅಂದರೆ, ನೆಲದೊಳಗಿನ ಬಂಡೆ ಎಲ್ಲೂ ಇಡಿಯಾಗಿ ಇರುವುದಿಲ್ಲ. ಸುರಂಗದಲ್ಲಿ ಬೆಂಕಿ ಬಿದ್ದರೆ ಬಿಸಿಯಾಗುವುದು ಮೊದಲೇ ಬಿರುಕು ಬಿಟ್ಟ ಬಂಡೆ. ಹಾಗಾಗಿ ಚೊಕ್ಕ ಕಲ್ಲನ್ನು ಮಾತ್ರ ಒಡೆದು ನೋಡಿದರೆ ಸಾಲದು.

ನಾನು ತಗೊಂಡಿದ್ದು ಬೆಂಗಳೂರಿನ ಹತ್ತಿರದ ಸಾದರಹಳ್ಳಿಯ ಬೂದು ಗ್ರಾನೈಟ್. 100 ಮಿ.ಮೀ. ಎತ್ತರ, 50 ಅಗಲ, 25 ದಪ್ಪದ ಬಿಲ್ಲೆಗಳು. ನಡುವೆ ಸಣ್ಣ ತೂತು ಕೊರೆದು, ಅದರೊಳಗೆ ವಜ್ರದ ಪುಡಿ ಅಂಟಿಸಿದ ತಂತಿ ತೂರಿಸಿ, ನೀರು ಬಿಡುತ್ತಾ 20 ಮಿ.ಮೀ. ಉದ್ದಕ್ಕೆ ಸೀಳಬೇಕು. ಕೆಲವಕ್ಕೆ 30 ಡಿಗ್ರಿ ಓರೆ, ಕೆಲವಕ್ಕೆ 45, ಇನ್ನು ಕೆಲವಕ್ಕೆ 60. ಇದು ತುಂಬಾ ತಾಳ್ಮೆ ಬೇಡುವ ಕೆಲಸ, ಅವಸರ ಮಾಡಿದರೆ ತಂತಿ ತುಂಡಾಗುತ್ತದೆ, ಇಲ್ಲವೇ ತೂತಿನ ಅಂಚು ಚಕ್ಕೆ ಏಳುತ್ತದೆ, ಆಮೇಲೆ ಬಿರುಕು ಸೀಳಿನಿಂದ ಹೊರಟಿತೋ ಆ ಚಕ್ಕೆಯಿಂದಲೋ ಅಂತ ಹೇಳೋಕೇ ಆಗುವುದಿಲ್ಲ.

ಫರ್ನೇಸ್‌ಗೆ ಇಡುವ ಮೊದಲು 105 ಡಿಗ್ರಿಯಲ್ಲಿ ಒಣಗಿಸಿಕೊಳ್ಳುತ್ತಿದ್ದೆ. ಆಮೇಲೆ ನಿಮಿಷಕ್ಕೆ 5 ಡಿಗ್ರಿಯಂತೆ ಏರಿಸುವುದು. 600 ಮುಟ್ಟೋಕೆ ಹತ್ತಿರ ಹತ್ತಿರ ಎರಡು ಗಂಟೆ, ಅಲ್ಲೇ ಇನ್ನೆರಡು ಗಂಟೆ ನಿಲ್ಲಿಸಿ, ಸ್ವಿಚ್ ಆರಿಸಿ, ಬಾಗಿಲು ಮುಚ್ಚಿಯೇ ರಾತ್ರಿಯಿಡೀ ಬಿಡುವುದು. ಒಂದು ಸಂಜೆ ಲ್ಯಾಬ್ ಮುಚ್ಚುತ್ತಾರೆ ಅಂತ ಅವಸರದಲ್ಲಿ, ಇನ್ನೂ 400ರ ಹತ್ತಿರ ಇದ್ದಾಗಲೇ ಬಾಗಿಲು ತೆಗೆದುಬಿಟ್ಟೆ. ಒಳಗಿಂದ ಟಿಕ್, ಟಿಕ್ ಅಂತ ಶಬ್ದ. ಹೊರಮೈ ಸಟ್ಟನೆ ತಣಿದು ಕುಗ್ಗಿತು, ಒಳಗೆ ಇನ್ನೂ ಕಾದೇ ಇತ್ತು, ಮೈ ಮೇಲೆಲ್ಲ ಬಲೆಯಂತೆ ಕೂದಲೆಳೆ ಬಿರುಕು. ಮೂರು ಬಿಲ್ಲೆ ಹಾಳು. ಅವುಗಳಲ್ಲಿ ಸೀಳು ಹಾಕೋಕೆ ನನಗೆ ಎರಡು ದಿನ ಹಿಡಿದಿತ್ತು!

200 ಡಿಗ್ರಿಗೆ ಸುಟ್ಟವು ನನ್ನನ್ನು ಗಲಿಬಿಲಿ ಮಾಡಿದವು. ಒಂದೆರಡು ಬಿಲ್ಲೆ ಸುಡದ ಕಲ್ಲಿಗಿಂತ ತುಸು ಜಾಸ್ತಿಯೇ ಭಾರ ತಡೆದವು. ಮಷಿನ್ ಸರಿಯಿಲ್ಲ ಅಂದುಕೊಂಡೆ. ಆಮೇಲೆ ಗೈಡ್ ಸರ್ ವಿವರಿಸಿದರು: ಕಲ್ಲಿನೊಳಗಿನ ಅಷ್ಟಿಷ್ಟು ತೇವ ಹೋಗುತ್ತದೆ, ಕಲ್ಲಿನ ಖನಿಜದ ಕಾಳುಗಳು ಹಿಗ್ಗಿ ಹಳೆಯ ಸಣ್ಣ ಬಿರುಕುಗಳನ್ನು ಒತ್ತಿ ಮುಚ್ಚುತ್ತವೆ. 400ಕ್ಕೆ ಬಲ ಇಳಿಯೋಕೆ ಶುರು. ನಿಜವಾದ ಹೊಡೆತ ಬೀಳುವುದು 573 ಡಿಗ್ರಿ ದಾಟಿದಾಗ. ಅಲ್ಲಿ ಗ್ರಾನೈಟ್‌ನಲ್ಲಿರುವ ಕ್ವಾರ್ಟ್ಜ್ ಅನ್ನುವ ಖನಿಜದ ಹರಳಿನ ಕಟ್ಟಡವೇ ಬದಲಾಗುತ್ತದೆ, ಅದರ ಆಸುಪಾಸಿನಲ್ಲಿ ಕಾಳು ದಿಢೀರ್ ಅಂತ ಹಿಗ್ಗುತ್ತದೆ. ಪಕ್ಕದ ಇನ್ನೊಂದು ಖನಿಜ ಫೆಲ್ಡ್‌ಸ್ಪಾರ್ ಅಷ್ಟು ಹಿಗ್ಗುವುದಿಲ್ಲ. ಇಕ್ಕಟ್ಟಿನಲ್ಲಿ ಒಂದು ಹಿಗ್ಗಿದರೆ ಇನ್ನೊಂದು ಒಡೆಯಲೇಬೇಕಲ್ವಾ? 600ಕ್ಕೆ ಸುಟ್ಟ ಕಲ್ಲಿಗೆ ಮಾಸಲು ಕಂದು ಬಣ್ಣವೂ ಬಂತು, ಕಪ್ಪು ಅಭ್ರಕದೊಳಗಿನ ಕಬ್ಬಿಣ ತುಕ್ಕು ಹಿಡಿದಂತಾಗಿ. 800ರ ಬಿಲ್ಲೆಯ ಮೂಲೆಯನ್ನು ಉಗುರಿನಲ್ಲಿ ಕೆರೆದರೆ ಕಾಳು ಉದುರುತ್ತಿತ್ತು.

ನನಗೆ ಮುಖ್ಯ ಅನ್ನಿಸಿದ್ದು ಒಡೆಯುವ ರೀತಿ. ಸುಡದ ಕಲ್ಲಿಗೆ ಭಾರ ಏರಿಸಿದಂತೆ ಸೀಳಿನ ಎರಡೂ ತುದಿಯಲ್ಲಿ ಮೊದಲು ಬೆಳ್ಳಗಿನ ಗೆರೆ ಮೂಡುತ್ತದೆ. ಅಲ್ಲಿಂದ ಬಿರುಕು ರೆಕ್ಕೆಯ ಹಾಗೆ ಬಾಗಿ ಮೇಲಕ್ಕೂ ಕೆಳಕ್ಕೂ ಹೋಗುತ್ತದೆ, ಕೊನೆಗೆ ಪಟಾಕಿಯಂತೆ ಢಂ! ಸೀಳಿನ ಓರೆ ಬದಲಾದರೆ ಬಲವೂ ಬದಲಾಗುವುದು ಚೆನ್ನಾಗಿ ಕಾಣುತ್ತಿತ್ತು. 800ಕ್ಕೆ ಸುಟ್ಟವುಗಳಲ್ಲಿ ಆ ಢಂ ಇಲ್ಲ. ಮೆತ್ತಗೆ ಕುಸಿದವು, ಬಿರುಕು ಎಲ್ಲೆಂದರಲ್ಲಿ ಹುಟ್ಟಿತು. 30 ಡಿಗ್ರಿ ಓರೆಯ ಸೀಳಿಗೂ 60ರದ್ದಕ್ಕೂ ದೊಡ್ಡ ವ್ಯತ್ಯಾಸವೇ ಉಳಿಯಲಿಲ್ಲ. ಅಷ್ಟು ಕಷ್ಟಪಟ್ಟು ಹಾಕಿದ ನನ್ನ ಸೀಳು ಸಾವಿರ ಸೀಳುಗಳಲ್ಲಿ ಒಂದಾಗಿಬಿಟ್ಟಿತ್ತು.

ಕಲ್ಲು ತರಲು ಹೋಗಿದ್ದಾಗ ಒಬ್ಬ ತಾತ ಹಳೇ ಕಾಲದ ಪದ್ಧತಿ ಹೇಳಿದ್ದರು. ಬಂಡೆ ಮೇಲೆ ಸೌದೆ ಉರಿಸಿ, ಬೆಂಕಿಯನ್ನು ಮೆಲ್ಲಗೆ ಸರಿಸುತ್ತಾ ಚಪ್ಪಡಿ ಎಬ್ಬಿಸುತ್ತಿದ್ದರಂತೆ. "ಸುತ್ತಿಗೇಲಿ ತಟ್ಟಪ್ಪಾ, ಡಬ್ ಅಂದ್ರೆ ಎದ್ದೈತೆ ಅಂತ, ಠಣ್ ಅಂದ್ರೆ ಇನ್ನೂ ಬೆಂಕಿ ಬೇಕು." ಬೆಂಗಳೂರಿನ ಈ ವಿಧಾನದ ಬಗ್ಗೆ 1895ರಲ್ಲೇ ನೇಚರ್ ಪತ್ರಿಕೆಯಲ್ಲಿ ಬರೆದಿದ್ದಾರೆ. ಅಲ್ಲಿ 573 ಡಿಗ್ರಿಯ ಮಾತೇ ಬೇಡ. ಮೇಲಿನ ಪದರ ಬಿಸಿಯಾಗಿ ಹಿಗ್ಗುತ್ತದೆ, ಕೆಳಗಿನದು ತಣ್ಣಗೇ ಇರುತ್ತದೆ, ನಡುವೆ ಬಿಟ್ಟುಕೊಳ್ಳುತ್ತದೆ. ಲ್ಯಾಬಿಗೆ ಬಂದು ನನ್ನ ಬಿಲ್ಲೆಗಳನ್ನೂ ನಾಣ್ಯದಿಂದ ತಟ್ಟಿ ನೋಡಿದೆ. ಸುಡದ್ದು ಠಣ್, 800ರದ್ದು ಡಬ್. ಶಬ್ದದ ಅಲೆ ಹಾಯಿಸಿ ವೇಗ ಅಳೆಯುವ ಮಷಿನ್ ಕೂಡ ಅದನ್ನೇ ಹೇಳಿತು, ಅಂಕಿಗಳಲ್ಲಿ.

ಯಾರಾದರೂ ಇದೇ ಕೆಲಸ ಮಾಡುವವರಿದ್ದರೆ ಒಂದು ಮಾತು. ನಾನು ಒಡೆದಿದ್ದೆಲ್ಲ ಆರಿದ ಕಲ್ಲು. ಕಾದಿರುವಾಗಲೇ ಒಡೆದರೆ ಲೆಕ್ಕ ಬೇರೆ, ಬೆಂಕಿ ಆರಿಸಲು ನೀರು ಸುರಿದ ಕಲ್ಲಿನದು ಇನ್ನೂ ಬೇರೆ. ನಾನು ಬಾಗಿಲು ತೆಗೆದು ಹಾಳು ಮಾಡಿದ ಆ ಮೂರು ಬಿಲ್ಲೆ ಇನ್ನೂ ಡಬ್ಬಿಯಲ್ಲಿವೆ. ಆ ಲೆಕ್ಕವನ್ನು ಅವುಗಳಿಂದಲೇ ಶುರು ಮಾಡೋಣ ಅಂತಿದ್ದೇನೆ.