ವಿದೇಶದ ಓದಿಗೆ ದಾವಣಗೆರೆಯಲ್ಲೇ ತಯಾರಿ: ಎಲ್ಲಿಂದ ಶುರು ಮಾಡಬೇಕು?

ಡಿಗ್ರಿ ಕೊನೇ ವರ್ಷದ ಮಕ್ಕಳು ನನ್ನ ಹತ್ತಿರ ಬಂದಾಗ ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಸರ್, ಯಾವ ದೇಶ ಒಳ್ಳೇದು?" ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಪಾಸ್‌ಪೋರ್ಟ್ ಇದೆಯಾ? ಇಂಗ್ಲಿಷ್‌ನಲ್ಲಿ ಎರಡು ನಿಮಿಷ ನಿಲ್ಲಿಸದೆ ಮಾತಾಡ್ತೀಯಾ? ಬಹಳಷ್ಟು ಮಕ್ಕಳು ಅಲ್ಲಿಗೆ ಸುಮ್ಮನಾಗುತ್ತಾರೆ. ದೇಶ ಆಮೇಲೆ ನೋಡೋಣ, ಈ ಎರಡು ಮೊದಲು. ಎರಡಕ್ಕೂ ಬೆಂಗಳೂರಿಗೆ ಹೋಗಿ ಪಿ.ಜಿ. ಹಿಡಿದು ಕೂರಬೇಕಾಗಿಲ್ಲ. ಜಗಳೂರಿನಿಂದ, ಹೊಳಲ್ಕೆರೆಯಿಂದ ದಿನಾ ಬಸ್ಸಲ್ಲಿ ಓಡಾಡುತ್ತಾ ತಯಾರಾದ ಮಕ್ಕಳನ್ನು ನಾನೇ ನೋಡಿದ್ದೇನೆ. ಅವರಿಗೆ ಬೇಕಾಗಿದ್ದು ಒಂದು ವರ್ಷದ ಸಮಯ, ಅಷ್ಟೇ.

ಒಂದು ವರ್ಷ ಯಾಕೆ ಅಂದರೆ, ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಮುಂದಿನ ಸೆಪ್ಟೆಂಬರ್‌ಗೆ ಕ್ಲಾಸು ಶುರು ಅಂದರೆ ಬೇಸಿಗೆಯಲ್ಲಿ ವೀಸಾ ಕೆಲಸ, ಅದಕ್ಕೂ ಮುಂಚೆ ಲೋನ್, ಅದಕ್ಕೂ ಮುಂಚೆ ಸೀಟು. ಸೀಟಿಗೆ ಅರ್ಜಿ ಹಾಕಲು ಇಂಗ್ಲಿಷ್ ಪರೀಕ್ಷೆಯ ಅಂಕ ಕೈಯಲ್ಲಿರಬೇಕು. ಹೀಗೆ ಹಿಂದೆ ಹಿಂದೆ ಬಂದರೆ ಈ ವರ್ಷದ ನವೆಂಬರ್, ಡಿಸೆಂಬರ್‌ಗೆ ಪರೀಕ್ಷೆ ಬರೆದಿರಬೇಕು. ಅಂದರೆ ಇಂಗ್ಲಿಷ್ ಓದು ಇವತ್ತೇ ಶುರುವಾಗಬೇಕು.

ಮೊದಲು ಹೆಸರು ಸರಿ ಮಾಡಿಕೊಳ್ಳಿ

ಇದು ಚಿಕ್ಕ ವಿಷಯ ಅನ್ನಿಸುತ್ತದೆ, ಆದರೆ ನಮ್ಮ ಕಡೆಯ ಮಕ್ಕಳು ಜಾಸ್ತಿ ಒದ್ದಾಡುವುದು ಇಲ್ಲೇ. ನಮ್ಮ ಹೆಸರಿನ ಹಿಂದೆ ಮುಂದೆ ಇನಿಶಿಯಲ್ ಇರುತ್ತದೆ, ಸರ್‌ನೇಮ್ ಅಂತ ಬೇರೆ ಇರುವುದಿಲ್ಲ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಶಿಯಲ್ ಹೆಸರಿನ ಕೊನೆಗೆ, ಆಧಾರ್‌ನಲ್ಲಿ ಮೊದಲಿಗೆ, ಡಿಗ್ರಿ ಕಾರ್ಡಿನಲ್ಲಿ ಒಂದು ಅಕ್ಷರ ಜಾಸ್ತಿ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಶಿಯಲ್ ಬಿಡಿಸಿ ಬರೆಯಬೇಕಾಗುತ್ತದೆ, ಆಗ ಅಪ್ಪನ ಹೆಸರೋ ಊರ ಹೆಸರೋ ಬಂದು ಕೂರುತ್ತದೆ. ಸರ್‌ನೇಮ್ ಜಾಗ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ನಿಮ್ಮ ಪೂರ್ತಿ ಹೆಸರು ಸರ್‌ನೇಮ್ ಜಾಗಕ್ಕೆ ಹೋಗುತ್ತದೆ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂಬ ಮೂರು ಅಕ್ಷರ ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಆಮೇಲೆ ಅಲ್ಲಿನ ಬ್ಯಾಂಕಿನಿಂದ ಹಿಡಿದು ಡ್ರೈವಿಂಗ್ ಲೈಸೆನ್ಸ್‌ವರೆಗೆ ಅದೇ ಹಿಂಬಾಲಿಸುತ್ತದೆ.

ಅದಕ್ಕೇ ಎಲ್ಲ ಕಾರ್ಡುಗಳನ್ನೂ ಮೇಜಿನ ಮೇಲೆ ಹರಡಿ, ಅಕ್ಷರ ಅಕ್ಷರ ಓದಿ ನೋಡಿ. ತಿದ್ದಿಸಬೇಕಾದ್ದನ್ನು ಈಗಲೇ ತಿದ್ದಿಸಿ. ಪಾಸ್‌ಪೋರ್ಟಿಗೆ ದೂರ ಹೋಗಬೇಕಿಲ್ಲ, ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ ದಾವಣಗೆರೆಯಲ್ಲೇ ಇದೆ, ದೊಡ್ಡವರಿಗೆ 36 ಪುಟದ ಪುಸ್ತಕಕ್ಕೆ ಸಾಮಾನ್ಯ ಶುಲ್ಕ 1,500 ರೂಪಾಯಿ. ಅದು ಬಂದ ಮೇಲೆ ಪರೀಕ್ಷೆ, ಅರ್ಜಿ, ಲೋನ್ ಎಲ್ಲದಕ್ಕೂ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಹೆಸರು ಬರೆಯಿರಿ. ಜೊತೆಗೇ ಟ್ರಾನ್ಸ್‌ಕ್ರಿಪ್ಟ್‌ಗೆ, ಅಂದರೆ ವಿಶ್ವವಿದ್ಯಾಲಯ ಕೊಡುವ ನಿಮ್ಮ ಎಲ್ಲ ಅಂಕಗಳ ಅಧಿಕೃತ ಪಟ್ಟಿಗೆ, ಅರ್ಜಿ ಹಾಕಿಬಿಡಿ. ಬಿ.ಎಸ್ಸಿ, ಬಿ.ಕಾಂ ಮಕ್ಕಳಿಗೆ ತೋಳಹುಣಸೆಯ ವಿಶ್ವವಿದ್ಯಾಲಯ ಹತ್ತಿರವೇ ಆಯಿತು, ಎಂಜಿನಿಯರಿಂಗ್ ಮಕ್ಕಳದ್ದು ಬೆಳಗಾವಿಯ ವಿಟಿಯುನಿಂದ ಬರಬೇಕು.

ಕಿವಿ ಮತ್ತು ಬಾಯಿ

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಗ್ರಾಮರ್ ಪುಸ್ತಕ ಹಿಡಿದು ಕೂರುತ್ತಾರೆ. ಗ್ರಾಮರ್ ಅವರಿಗೆ ಆಗಲೇ ಸಾಕಷ್ಟು ಬರುತ್ತದೆ. ಬಾರದ್ದು ಕೇಳುವುದು ಮತ್ತು ಹೇಳುವುದು. ಹತ್ತು ವರ್ಷ ಇಂಗ್ಲಿಷನ್ನು ಬರೆದು ಪಾಸಾಗಿರುತ್ತಾರೆ, ಬಾಯಿಂದ ಆಡಿರುವುದೇ ಇಲ್ಲ.

ಹೋದ ವರ್ಷ ಜಗಳೂರು ಕಡೆಯ ಒಬ್ಬ ಹುಡುಗಿಗೆ "ನಿನಗೆ ಇಷ್ಟದ ತಿಂಡಿಯ ಬಗ್ಗೆ ಎರಡು ನಿಮಿಷ ಮಾತಾಡು" ಅಂದೆ. ಬೆಣ್ಣೆ ದೋಸೆ ಆರಿಸಿಕೊಂಡಳು. "ವೆರಿ ಫೇಮಸ್, ವೆರಿ ಟೇಸ್ಟಿ" ಅಂದಳು, ಮುಂದೆ ಮಾತೇ ಹೊರಡಲಿಲ್ಲ. ಮೊಬೈಲ್ ನೋಡಿದರೆ ಇಪ್ಪತ್ತು ಸೆಕೆಂಡ್ ಆಗಿತ್ತು. ಮಾರನೇ ದಿನ ದೋಸೆ ಹೋಟೆಲ್‌ನಲ್ಲಿ ನಿಂತು ಸುಮ್ನೆ ನೋಡಿಕೊಂಡು ಬಾ ಅಂತ ಕಳಿಸಿದೆ. ಸೌದೆ ಒಲೆ, ದಪ್ಪ ಕಾವಲಿ, ಹಿಟ್ಟು ಹುಯ್ದ ಕೂಡಲೇ ಬರುವ ಚುಯ್ ಸದ್ದು, ಮೇಲೆ ಹಾಕಿದ ಬೆಣ್ಣೆ ಕರಗಿ ಅಂಚಿಗೆ ಹರಿಯುವುದು, ಪಕ್ಕದಲ್ಲಿ ಬಿಳಿ ಕಾಯಿ ಚಟ್ನಿ, ಆಲೂಗಡ್ಡೆ ಪಲ್ಯ. ನೋಡಿದ ಒಂದೊಂದನ್ನೂ ಒಂದೊಂದು ಸಣ್ಣ ವಾಕ್ಯ ಮಾಡಿದಳು. ರಾತ್ರಿ ಮಾಳಿಗೆ ಮೇಲೆ ಹೋಗಿ ಮೊಬೈಲಿಗೆ ರೆಕಾರ್ಡ್ ಮಾಡಿ, ಕೇಳಿ, ಮತ್ತೆ ಮಾಡಿದಳು. ಹದಿನೈದು ದಿನದಲ್ಲಿ ಎರಡು ನಿಮಿಷ ದಾಟಿತು. ಕಷ್ಟದ ಪದ ಒಂದೂ ಇರಲಿಲ್ಲ, ಹೇಳಲು ವಿಷಯ ಇತ್ತು.

ನೀವೂ ಹೀಗೇ ಮಾಡಿ. ದಿನಕ್ಕೊಂದು ವಿಷಯ: ನಿಮ್ಮ ತೋಟ, ಸಂತೆ, ಕೋಟೆಗೆ ಹೋಗಿದ್ದು, ಏನಾದರೂ ಸರಿ. ರೆಕಾರ್ಡ್ ಕೇಳುವಾಗ ನಮ್ಮ ಕನ್ನಡದ ನಾಲಿಗೆ ಎಲ್ಲಿ ಅಡ್ಡ ಬರುತ್ತದೆ ಅಂತ ಗೊತ್ತಾಗುತ್ತದೆ. ಪದದ ಕೊನೆಗೆ "ಉ" ಸೇರಿಸಿ ಬಸ್ಸು, ಬ್ಯಾಂಕು ಅನ್ನುವುದು, ಎಗ್ ಅನ್ನುವಲ್ಲಿ ಯಗ್ಗು ಅನ್ನುವುದು, "ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್" ಅನ್ನುವುದು. ವಾರಕ್ಕೆ ಒಂದನ್ನು ಮಾತ್ರ ತಿದ್ದಿಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ತಿದ್ದಲು ಹೋದರೆ ಬಾಯೇ ಕಟ್ಟುತ್ತದೆ.

ಕೇಳುವುದಕ್ಕೆ ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ ಆರು ನಿಮಿಷದ ಪಾಠಗಳಿವೆ, ದುಡ್ಡು ಕೊಡಬೇಕಿಲ್ಲ. ಬಸ್ಸಲ್ಲಿ ಒಂದು ಸಲ ಕೇಳಿ, ಮನೆಗೆ ಬಂದು ನಿಲ್ಲಿಸಿ ನಿಲ್ಲಿಸಿ ಬರೆದುಕೊಳ್ಳಿ.

ಪರೀಕ್ಷೆಯ ದಿನ

ಹೆಚ್ಚಿನವರು ಬರೆಯುವುದು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ. ಓದಲು ಹೋಗುವವರು ಅಕಾಡೆಮಿಕ್ ಅನ್ನೇ ಆರಿಸಬೇಕು, ಜನರಲ್ ಅಲ್ಲ. ಕೇಳುವುದು 30 ನಿಮಿಷ, 40 ಪ್ರಶ್ನೆ. ಓದುವುದು 60 ನಿಮಿಷ, 40 ಪ್ರಶ್ನೆ. ಬರೆಯುವುದು 60 ನಿಮಿಷ. ಮಾತು 11ರಿಂದ 14 ನಿಮಿಷ, ಮನುಷ್ಯರ ಜೊತೆಗೇ. ಅಂಕಕ್ಕೆ ಬ್ಯಾಂಡ್ ಅನ್ನುತ್ತಾರೆ, ಅದು 9ರವರೆಗೆ ಇರುತ್ತದೆ, ಮಾಸ್ಟರ್ಸ್‌ಗೆ ಬಹಳ ಕಡೆ 6.5 ಕೇಳುತ್ತಾರೆ. ಅಂಕ ಎರಡು ವರ್ಷ ನಡೆಯುತ್ತದೆ.

ಕೇಳುವ ಭಾಗದಲ್ಲಿ ಅಂಕ ಹೋಗುವುದು ಸಣ್ಣ ಸಣ್ಣ ಕಡೆ. ಫೋನ್ ನಂಬರ್ ಹೇಳುವಾಗ "ಡಬಲ್ ಸೆವೆನ್" ಅಂದರೆ ಎರಡು ಏಳು. ಹೆಸರಿನ ಸ್ಪೆಲಿಂಗ್ ಹೇಳುವಾಗ ಜಿ ಮತ್ತು ಜೆ, ಎ ಮತ್ತು ಇ ಅದಲುಬದಲಾಗುತ್ತವೆ. ಒಂದಕ್ಷರ ತಪ್ಪಿದರೂ ಉತ್ತರ ತಪ್ಪು. ಎರಡೇ ಪದದಲ್ಲಿ ಬರೆಯಿರಿ ಅಂದಾಗ ಮೂರು ಪದ ಬರೆದರೂ ತಪ್ಪು. ಮನೆಯಲ್ಲಿ ತಮ್ಮನಿಗೋ ತಂಗಿಗೋ ಹೇಳಿ ಹೆಸರು, ನಂಬರ್ ಓದಿಸಿ ಬರೆದುಕೊಳ್ಳುವ ಅಭ್ಯಾಸ ಮಾಡಿ. ಬರೆಯುವ ಭಾಗದಲ್ಲಿ ಎರಡನೇ ಪ್ರಶ್ನೆಗೆ, ಅಂದರೆ 250 ಪದದ ಪ್ರಬಂಧಕ್ಕೆ, ಮೊದಲನೆಯದರ ಎರಡರಷ್ಟು ಬೆಲೆ. 40 ನಿಮಿಷ ಅದಕ್ಕೇ ಇಟ್ಟುಕೊಳ್ಳಿ.

ಡುಯೊಲಿಂಗೊ ಎಂಬ ಇನ್ನೊಂದು ಇಂಗ್ಲಿಷ್ ಪರೀಕ್ಷೆಯನ್ನು ಮನೆಯಿಂದಲೇ ಬರೆಯಬಹುದು, ಖರ್ಚೂ ಕಡಿಮೆ. ಆದರೆ ಎಲ್ಲ ವಿಶ್ವವಿದ್ಯಾಲಯಗಳೂ ಒಪ್ಪುವುದಿಲ್ಲ, ಮೊದಲೇ ವಿಚಾರಿಸಿ. ನೆಟ್ ನಿಂತರೆ ಮತ್ತೆ ಮೊದಲಿನಿಂದ. ಕರೆಂಟು ಹೋಗದ ಜಾಗ ನೋಡಿ ಕೂರಿ.

ದುಡ್ಡಿನ ಮಾತು

ಅಡಿಕೆ ತೋಟ ಇದೆ, ಅದರ ಮೇಲೆ ಲೋನ್ ಆಗುತ್ತೆ ಅಂತ ಚನ್ನಗಿರಿ, ಹೊಳಲ್ಕೆರೆ ಕಡೆಯ ಅಪ್ಪಂದಿರು ಧೈರ್ಯವಾಗಿರುತ್ತಾರೆ. ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಕೃಷಿ ಜಮೀನನ್ನು ಅಡವು ಇಟ್ಟುಕೊಳ್ಳುವುದಿಲ್ಲ. ಸಾಲ ತೀರದಿದ್ದರೆ ಸರ್ಫೇಸಿ ಕಾಯ್ದೆಯಡಿ ಕೃಷಿ ಜಮೀನನ್ನು ವಶಕ್ಕೆ ಪಡೆಯಲು ಬರುವುದಿಲ್ಲ, ಕಾರಣ ಅದು. ಮನೆ, ಸೈಟು, ಎಫ್‌ಡಿ ಆದರೆ ಆಗುತ್ತದೆ. ಈ ಮಾತು ಸೀಟು ಸಿಕ್ಕ ಮೇಲೆ ಗೊತ್ತಾದರೆ ಮನೆಯವರೆಲ್ಲ ಕಂಗಾಲು, ಆದ್ದರಿಂದ ಪಹಣಿ, ಖಾತೆ ಹಿಡಿದುಕೊಂಡು ಬ್ಯಾಂಕಿಗೆ ಈಗಲೇ ಹೋಗಿ ಕೇಳಿ.

ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ, ನಿಜ. ಆದರೆ ಒಂದು ವರ್ಷದ ಖರ್ಚಿಗೆ ಅಂತ 11,904 ಯೂರೋ ಮುಂಗಡವಾಗಿ ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆಯಲ್ಲಿ, ಇಡಬೇಕು. ನಮ್ಮ ಓದಿನ ದಾಖಲೆಗಳು ಅಸಲಿ ಅಂತ ಪರಿಶೀಲಿಸಿ ಕೊಡುವ ಎಪಿಎಸ್ ಸರ್ಟಿಫಿಕೇಟ್ ಕೂಡ 2022ರ ನವೆಂಬರ್‌ನಿಂದ ನಮ್ಮ ವಿದ್ಯಾರ್ಥಿಗಳಿಗೆ ಕಡ್ಡಾಯ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೂಲಿ ಕುಟುಂಬದ ಮಕ್ಕಳು ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ನೋಡಲೇಬೇಕು. ಕುಟುಂಬದ ವರ್ಷದ ಆದಾಯ 8 ಲಕ್ಷ ಮೀರಬಾರದು.

ಕನ್ಸಲ್ಟೆನ್ಸಿಯವರು ಫ್ರೀ ಅಂದರೆ, ಅವರಿಗೆ ಕಮಿಷನ್ ಕೊಡುವುದು ಕಾಲೇಜು ಅಂತ ತಿಳಿಯಿರಿ. ಅದು ತಪ್ಪೇನಲ್ಲ, ಆದರೆ ಕಮಿಷನ್ ಕೊಡದ ಒಳ್ಳೇ ಕಾಲೇಜಿನ ಹೆಸರು ಅವರ ಬಾಯಲ್ಲಿ ಬರುವುದು ಕಷ್ಟ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಮಾತ್ರ ಯಾರ ಕೈಗೂ ಕೊಡಬೇಡಿ. ನನ್ನ ಅಕ್ಕನ ಮಗ ಒಂದು ಕಡೆ ಕೊಟ್ಟು, ವಾಪಸ್ ಪಡೆಯಲು ಮೂರು ತಿಂಗಳು ಅಲೆದ.

ಮನೆಯಿಂದಲೇ ಓದುವುದಾದರೆ

ಎಲ್ಲರಿಗೂ ಹೋಗಲು ಆಗುವುದಿಲ್ಲ, ಮನೆ ಪರಿಸ್ಥಿತಿ ಬೇರೆ ಬೇರೆ. ಆನ್‌ಲೈನ್ ಡಿಗ್ರಿ ಸೇರುವ ಮುಂಚೆ ಅದಕ್ಕೆ ಯುಜಿಸಿ ಮಾನ್ಯತೆ ಇದೆಯಾ ನೋಡಿ. ವಿದೇಶಿ ಡಿಗ್ರಿ ಕೊಡಿಸುತ್ತೇವೆ ಅನ್ನುವ ಎಡ್‌ಟೆಕ್ ಕಂಪನಿಗಳ ಬಗ್ಗೆ 2023ರ ಡಿಸೆಂಬರ್‌ನಲ್ಲಿ ಯುಜಿಸಿಯೇ ಎಚ್ಚರಿಕೆ ಕೊಟ್ಟಿದೆ.

ಹೋಗುವವರೂ ಇರುವವರೂ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠದ ತಾಣದಲ್ಲಿ ನಿಮ್ಮ ವಿಷಯದ ಒಂದು ಕೋರ್ಸ್ ಮಾಡಿ. ಐಐಟಿ ಮೇಷ್ಟರ ಪಾಠ, ಇಂಗ್ಲಿಷ್‌ನಲ್ಲೇ, ಸೇರಲು ಶುಲ್ಕವಿಲ್ಲ. ಸರ್ಟಿಫಿಕೇಟ್ ಬೇಕಾದರೆ ಮಾತ್ರ ಪರೀಕ್ಷೆಗೆ ದುಡ್ಡು ಕಟ್ಟಿ, ಕೇಂದ್ರಕ್ಕೆ ಹೋಗಿ ಬರೆಯಬೇಕು. ಮೊದಲ ವಾರ ಕೆಳಗೆ ಬರುವ ಅಕ್ಷರ ನೋಡುತ್ತಾ ಕೇಳಿ. ನಾಲ್ಕನೇ ವಾರಕ್ಕೆ ಅಕ್ಷರ ಆಫ್ ಮಾಡಿ ಕೂತು, ನೋಟ್ಸ್ ಇಂಗ್ಲಿಷ್‌ನಲ್ಲೇ ಬರೆದುಕೊಳ್ಳಿ. ಜನವರಿಗೊಂದು, ಜುಲೈಗೊಂದು ಬ್ಯಾಚ್ ಶುರುವಾಗುತ್ತದೆ. ಹತ್ತಿರ ಬರುವ ಬ್ಯಾಚಿಗೆ ಹೆಸರು ಕೊಟ್ಟುಬಿಡಿ.